ಇಪ್ಪತ್ತು ಬೈ ಮೂವತ್ತು

ಕಾಗದದಾಗ ಬರದಿತ್ತು: ಖಾಲಿ ನಿವೇಶನ,
ಇಪ್ಪತ್ತು ಬೈ ಮೂವತ್ತು, ಮೂಡಣಕ್ಕ ರಸ್ತಾ,
ಪಡುವಣಕ್ಕ ಪುತಳಾಬಾಯಿ ಗಂಡ ಘಾಳೆಪ್ಪ ಇವರ ಮನಿ.
ಚಕ್ಕುಬಂದಿಯೊಳಗ ನಾಕೂ ದಿಕ್ಕಿದ್ದವು,
ಗಾಳಿ ಯಾ ಕಡಿಂದ ಬರ್ತದ ಅಂತ ಇರಲಿಲ್ಲ.

ಬೀದರಿನ ಆಚಿ, ನೌಬಾದ ದಾಟಿ, ಕೆಂಪು ಕಲ್ಲಿನ ನೆಲ.
"ಒಳಗಿದ್ದಾಗ ಮೆತ್ತಗಿರ್ತದ ಅಕ್ಕಾ," ಅಂದಿದ್ದ ಗೌಂಡಿ,
"ಹೊರಗ ಗಾಳಿಗಿ ಬಿದ್ದರ ಗಟ್ಟಿ ಆಗ್ತದ."
ಪಾಯಾ ತೋಡೋ ಮುಂದ ಕಲ್ಲು ಮೂರು ಸಿಕ್ಕವು, ಕರ್ರಗ,
ಒಂದು ಮೈ ಸುಟ್ಟಿತ್ತು.
ಕೂಲಿ ಹುಡುಗ ಎತ್ತಿ ಒಗದ.
ನಾ ನೋಡೀನಿ, ಕೇಳಲಿಲ್ಲ.

ಎಂಟು ತಿಂಗಳು ಅವರ ಬಾಕಲದಾಗೇ ಉಸುಕು ಸುರದೀವಿ.
ಅವರ ಒಣಗಿದ ಸೀರಿ ಮ್ಯಾಲ ಸಿಮೆಂಟಿನ ಧೂಳು,
ಅವರ ಮೊಮ್ಮಗನ ನಿದ್ದಿ ಮ್ಯಾಲ ಟೈಲ್ಸ್ ಕೊಯ್ಯೋ ಮಿಷನ್.
ಗ್ವಾಡಿಗಿ ಹೊಡಿಲಕ್ಕ ನೀರು ಸುದ್ದ ಅವರ ಬೋರಿನದೇ.
ತಿಂಗಳಿಗಿ ಮುನ್ನೂರು ಕೊಟ್ಟೀವಿ,
ಹಿಸಾಬು ಮುಗೀತು ಅಂದ್ಕೊಂಡೀವಿ.

ವಾಸ್ತುಶಾಂತಿಗಿ ಕರಿಲಕ್ಕ ಹೋದಾಗ
ಪುತಳಾಬಾಯಿ ಕುಂಕುಮ ಹಚ್ಚಿಸಿಕೊಂಡಳು, ಬರ್ತೀನಿ ಅಂದಳು.
ಬರಲಿಲ್ಲ.
ಹುಗ್ಗಿ ಕಳಿಸಿದೆ. ಡಬ್ಬಿ ತೊಳದು ಬಂತು, ಖಾಲಿ.
ನಮ್ಮ ಕಡಿ ಖಾಲಿ ಡಬ್ಬಿ ಯಾರೂ ವಾಪಸ್ ಕೊಡಂಗಿಲ್ಲ,
ಏನಿಲ್ಲಂದರ ಒಂದು ಚಿಟಿಕಿ ಸಕ್ಕರಿ ಹಾಕ್ತಾರ.
ಅವತ್ತು ಗಂಡಗ ಅಂದೆ: ಇಲ್ಲಿ ಜನ ಸರಿ ಇಲ್ಲ.

ಆಮ್ಯಾಲ ಸಣ್ಣಗ ತಿಳಿಲಕ್ಕ ಹತ್ತಿತು.
ನಸುಕಿನಾಗ ಕೊಡ ಹೊತ್ತ ಹೆಂಗಸೊಬ್ಬಳು
ನಮ್ಮ ಗೇಟಿನ ತನ ಬಂದು, ನಿಂತು,
ಕಾಲು ಮಾಡಿದ ತಪ್ಪಿಗಿ ತಾನೇ ನಕ್ಕು
ಸುತ್ತು ಹಾಕಿ ನಳಕ್ಕ ಹೋದಳು.
ಹುಡುಗರ ಚೆಂಡು ಅಡಗಿಮನಿ ಕಿಟಕಿಗಿ ಬಡೀತು,
ಮೊದಲ ಅಲ್ಲಿ ಸ್ಟಂಪಿತ್ತಂತ.
ಬ್ಯಾಸಗಿ ರಾತ್ರಿ ಪುತಳಾಬಾಯಿ
ಅಂಗಳದ ತುಂಬ ಹೊರಸು ಎಳದಾಡಿ ಗಾಳಿ ಹುಡುಕ್ತಿದ್ದಳು.
ಗಾಳಿ ಗ್ವಾಡಿ ಈ ಕಡಿ
ನನ್ನ ಹೊಸ ಪಡದಾ ಜೋಡಿ ಆಡ್ತಿತ್ತು.

ಒಂದು ಶುಕ್ರವಾರ ಆಕಿ ಆಡು ಹಗ್ಗ ಹರಕೊಂಡು
ಸೀದಾ ನಮ್ಮ ಹಾಲಿನಾಗ ಬಂತು.
ಸೋಫಾ ನೋಡಲಿಲ್ಲ, ದೇವರ ಜಗಲಿ ನೋಡಲಿಲ್ಲ,
ಫ್ರಿಜ್ಜಿನ ಮಗ್ಗಲಾಗ ಮೊಣಕಾಲು ಮಡಚಿ ಕುಂತುಬಿಟ್ಟಿತು,
ಕಂತು ಕಟ್ಟಿದವರಂಗ.
ಎಳದರ ಏಳಲಿಲ್ಲ. ಬೈದರ ಮೆಲುಕು ಹಾಕಿತು.

ಬಂದಳು ಪುತಳಾಬಾಯಿ, ಚಪ್ಪಲ್ ಹೊರಗ ಬಿಟ್ಟು,
ಟೈಲ್ಸಿನ ಮ್ಯಾಲ ನೀರಾಗ ಇಳಿದವರಂಗ ಹೆಜ್ಜಿ ಇಟ್ಟು.
ಆಡಿನ ಕಿವಿ ಹಿಡಿಲಕ್ಕ ಬಗ್ಗಿದಾಕಿ ಹಂಗೇ ನಿಂತಳು.
"ಇಲ್ಲೇ," ಅಂದಳು, ನನಗಲ್ಲ, ಫ್ರಿಜ್ಜಿಗಿ,
"ಇಲ್ಲೇ ಒಲಿ ಹೂಡಿದ್ದೆ.
ಮಗಳ ಬಾಣಂತನಕ್ಕ ನಲವತ್ತು ದಿನ ನೀರು ಕಾಸೀನಿ.
ಒಳಗ ಹೊಗಿ ಆದರ ಕೂಸು ಕೆಮ್ತಿತ್ತು."

ಏನು ಅನ್ನಬೇಕು ತಿಳಿಲಿಲ್ಲ.
ಫ್ರಿಜ್ ತೆಗದು ತಣ್ಣೀರು ಕೊಟ್ಟೆ.
ಒಂದು ಗುಟುಕು ಕುಡದಳು. "ಹಲ್ಲು ಜುಮ್ ಅಂತದ,
ಗಡಗಿ ನೀರಿಲ್ಲೇನು?"

ಮರುದಿನ ಆ ಮೂರು ಕಲ್ಲು ಹುಡುಕಿದೆ.
ಕಂಪೌಂಡಿನ ಹಿಂದ ಎರಡು ಸಿಕ್ಕವು.
ಗೌಂಡಿಗಿ ಫೋನ್ ಮಾಡಿದರ,
"ಒಂದು ಪಾಯಾಕ್ಕ ಹಾಕೀವಿ ಅಕ್ಕಾ, ಗಟ್ಟಿ ಕಲ್ಲಿತ್ತು."
ಎರಡೇ ಒಯ್ದು ಆಕಿ ಕಟ್ಟಿ ಮ್ಯಾಲ ಇಟ್ಟೆ.
"ಎರಡರ ಮ್ಯಾಲ ಏನಿಡ್ಲಿ, ನಿನ್ನ ತಲಿ?"
ಅಂದಳು. ನಕ್ಕಳೋ ಬೈದಳೋ
ಸೆರಗು ಬಾಯಿಗಿ ಅಡ್ಡ ಇತ್ತು.

ಈಗೇನು ಎಲ್ಲಾ ಸರಿ ಆಗ್ಯದ ಅಂತಲ್ಲ.
ನಮ್ಮ ಟಾಕಿ ತುಂಬಿ ಅವರ ಅಂಗಳಕ್ಕ ಸುರದರ
ಅರ್ಧ ಓಣಿಗಿ ಕೇಳಂಗ ಬೈತಾಳ.
ಆಡು ದಾಸಾಳ ತಿಂದರ ನಾನೂ ಬಿಡಂಗಿಲ್ಲ.
ಡಬ್ಬಿ ಒಂದು ಹೋಗಿದ್ದು ಇನ್ನೂ ಬಂದಿಲ್ಲ.

ಖರೆ, ಬ್ಯಾಸಗಿ ಹತ್ತಿದಾಗಿಂದ ದಿನಾ ರಾತ್ರಿ
ಕೌದಿ ಬಗಲಾಗ ಇಟ್ಕೊಂಡು, ಕೇಳದೇ
ನಮ್ಮ ಮೆಟ್ಟಿಲ ಹತ್ತತಾಳ.
"ಗಾಳಿ ಮ್ಯಾಲ ಹೋಗ್ಯದ," ಅಂತಾಳ,
"ಅದರ ಹಿಂದ ನಾನೂ."