ಕೈ ಯಾರದು

ಇಂದು ಮೆಗಾ ಬ್ಲಾಕ್.
ಡೊಂಬಿವಲಿಯಿಂದ ಪರೇಲಿಗೆ ಎರಡು ಗಂಟೆ,
ಥಾಣೆಯಲ್ಲೇ ಅರ್ಧ ಗಂಟೆ ಸುಮ್ಮನೆ ನಿಂತೆವು.
ಗಾಡಿ ನಿಂತರೆ ಅವು ನಿಲ್ಲುತ್ತವೆಯೇ?
ದಿನ ಬಿಟ್ಟು ದಿನ ಹಳೆ ನೀರು ತೆಗೆದು ಹೊಸದು ಹಾಕಬೇಕು,
ಹಬ್ಬ ಇರಲಿ, ಹಳಿ ರಿಪೇರಿ ಇರಲಿ.

ಏನು ಸಾಕಿದ್ದೀ ಅಲ್ಲಿ, ಎಂದರು ಅತ್ತೆ.
ಮೀನೇ? ಬೆಕ್ಕೇ?
ನೆನೆಸಿಟ್ಟ ಸಾಬೂದಾಣಿಯಷ್ಟು, ಎಂದೆ,
ಬೆನ್ನುಹುರಿ ಆಗಲು ಹೊರಟದ್ದು.
ಅವರು ಕುಕ್ಕರಿನ ಸೀಟಿ ಎಣಿಸಿದರು, ಮತ್ತೆ ಕೇಳಲಿಲ್ಲ.

ಒಂದು ಮಗುವಿನ ತೋಳಿನಿಂದ ಚಮಚದಷ್ಟು ರಕ್ತ.
ಅದರ ಕಣಗಳಿಗೆ ಕಲಿತದ್ದೆಲ್ಲ ಮರೆಸಿ
ತಿರುಗಿ ಮೊದಲ ದಿನಕ್ಕೆ ಕಳಿಸಿದೆವು.
ಈಗ ಮತ್ತೆ ಕಲಿಯುತ್ತಿವೆ, ಗುಲಾಬಿ ಬಣ್ಣದ ನೀರಲ್ಲಿ,
ಮೂವತ್ತೇಳು ಡಿಗ್ರಿಯ ಕಪಾಟಿನಲ್ಲಿ.
ಮೊದಲು ಹಾಳೆ.
ಹಾಳೆ ಬಾಗಿ ಕೊಳವೆ.

ಅವ್ವ ಕರ್ಚಿಕಾಯಿ ಮಾಡುವಾಗ
ಅಂಚು ಒತ್ತುವ ಕೆಲಸ ನನ್ನದು.
ನೀರು ಸವರಿ, ಮಡಿಚಿ, ಬೆರಳ ತುದಿಯಲ್ಲಿ ಚಿವುಟುತ್ತ ಚಿವುಟುತ್ತ...
ಎಳ್ಳಿನಷ್ಟು ಬಿಟ್ಟುಹೋದರೂ ಬಾಣಲೆಯಲ್ಲಿ ಬಾಯಿ ತೆರೆದು
ಹೂರಣವೆಲ್ಲ ಹೊರಗೆ, ಎಣ್ಣೆಯೆಲ್ಲ ಕಪ್ಪು.
ಇದಕ್ಕೆ ಕೈ ಹಾಕಿದವರು ಯಾರು, ಎನ್ನುತ್ತಿದ್ದಳು,
ಗೊತ್ತಿದ್ದೂ.

ಇಲ್ಲಿ ಒತ್ತುವ ಬೆರಳಿಲ್ಲ.
ತಾನೇ ಮಡಿಚಿ ತಾನೇ ಮುಚ್ಚಿಕೊಳ್ಳಬೇಕು,
ಇಪ್ಪತ್ತೆಂಟು ದಿನದೊಳಗೆ,
ತಪ್ಪಿದ ಮುಟ್ಟನ್ನು ತಾಯಿ
ಕ್ಯಾಲೆಂಡರಿನಲ್ಲಿ ಹುಡುಕುತ್ತಿರುವಾಗಲೇ.
ಆ ಮಗುವಿನ ಬೆನ್ನಲ್ಲಿ ಮುಚ್ಚಲಿಲ್ಲ.
ಕೈ ಯಾರದು?
ಅವಳ ಮನೆಯಲ್ಲೂ ಕೇಳಿರಬಹುದು,
ಗ್ರಹಣದ ದಿನ ಏನು ಹೆಚ್ಚಿದೆ, ಯಾವ ಸೂಜಿ ಹಿಡಿದೆ.

ನನಗೆ ಅವಳ ಹೆಸರು ಗೊತ್ತಿಲ್ಲ.
ತಟ್ಟೆಯ ಮೇಲೆ ಎನ್ ಹದಿನಾಲ್ಕು, ಅಷ್ಟೇ.
ಒಪ್ಪಿಗೆ ಪತ್ರದ ನಕಲಿನಲ್ಲಿ ಹೆಸರಿಗೆ ಕಪ್ಪು ಬಳಿದಿದ್ದಾರೆ.
ಅಂಚಿನ ಒಂದು ಸಾಲು ಅಳಿಸುವುದು ಮರೆತಿದ್ದಾರೆ,
ಮರಾಠಿಯಲ್ಲಿ, ನೀಲಿ ಶಾಯಿ, ಒತ್ತಿ ಬರೆದದ್ದು:
ನೋವಾಗುತ್ತದೆಯೇ?
ಯಾರಿಗೆ ಎಂದು ಬರೆದಿಲ್ಲ.

ಇವಕ್ಕೆ ಆಗುವುದಿಲ್ಲ.
ನೋಯಲು ಬೇಕಾದದ್ದು ಇನ್ನೂ ಹುಟ್ಟೇ ಇಲ್ಲ.
ಆದರೂ ಪಿಪೆಟ್ಟಿನ ತುದಿ ತಾಕದಂತೆ
ಉಸಿರು ಬಿಗಿ ಹಿಡಿಯುತ್ತೇನೆ, ಹನ್ನೆರಡು ಸಲ.

ಕೆಳಗೆ ಚಹಾದವನು ಶಟರ್ ಎಳೆಯುತ್ತಿದ್ದಾನೆ.
ನೋಟ್‌ಬುಕ್ಕಿನಲ್ಲಿ ಬರೆದೆ: ದಿನ ಇಪ್ಪತ್ತಾರು.
ಏಳು ಬಾಯಿ ಬಿಟ್ಟಿವೆ.
ಐದು ಮುಚ್ಚಿಕೊಂಡಿವೆ,
ಅದೇ ರಕ್ತ, ಅದೇ ನೀರು,
ಅದೇ ಕೈ.