ಪ್ರಾಯೋಗಿಕ ಪರೀಕ್ಷೆ, ಸೊಹಾರ್

ಶುಕ್ರವಾರ. ವರ್ಕ್‌ಶಾಪಿನ ಹಿಂದೆ ನೆರಳು ಒಂದೇ ಮೊಳ.
ಫೋನಿನ ಕಣ್ಣಿಗೆ ಕಪ್ಪು ಗಾಜು ಹಿಡಿದು
ಬಾತಿಷ ನಿಂತಿದ್ದಾನೆ, ಕೈ ಅಲುಗಿಸದೆ.
ಆಚೆ, ಎಲ್ಲೋ, ಪರೀಕ್ಷಕಿ:
"ಆರ್ಕ್ ಉದ್ದ ಎಷ್ಟಿರಬೇಕು, ಹೇಳಿ."

ಮಿಲಿಮೀಟರು ಮರೆತೆ.
ಹನ್ನೊಂದು ವರ್ಷ ಕಿವಿಯಲ್ಲೇ ಅಳೆದವನು ನಾನು.
ಕಾದೆಣ್ಣೆಗೆ ಬಂಗುಡೆ ಬಿಟ್ಟ ಸದ್ದು ಬಂದರೆ ಸರಿ,
ಪಟಪಟ ಸಿಡಿದರೆ ದೂರ,
ಉಸಿರು ಕಟ್ಟಿದರೆ ತೀರಾ ಹತ್ತಿರ.

"ಕೇಳಿಸ್ತಾ ಮೇಡಂ?"
"ಇಲ್ಲ. ಗದ್ದಲವನ್ನೆಲ್ಲ ಫೋನೇ ಸೋಸಿಬಿಡುತ್ತೆ."

ನನ್ನ ವಿದ್ಯೆಯಷ್ಟೂ ಆ ಜರಡಿಯಲ್ಲೇ ಉಳಿಯಿತು.

ಕಿಟ್ಟ ಕುಟ್ಟಿ, ಬ್ರಷ್ ಉಜ್ಜಿ, ಬೆಸುಗೆ ತೋರಿಸಿದೆ.
"ಇನ್ನೂ ಹತ್ತಿರ" ಅಂದರು.
ಬಾತಿಷ ಬಗ್ಗಿದ. ಅವನ ಮೂಗಿನ ತುದಿಯ ಬೆವರು
ಬಿಸಿ ಕಬ್ಬಿಣಕ್ಕೆ ಬಿದ್ದು
ಚುಂಯ್.

"ಹಾಂ," ಅಂದರು ಮೇಡಂ,
"ಅದು ಕೇಳಿಸಿತು."