ಮಡಿಸಿದ ಹಾಳೆ

ಎಕ್ಸ್‌ರೇ ಮೇಲೆ ತೆಳುಹಾಳೆ ಅಂಟಿಸಿ
ಮೊನಚು ಪೆನ್ಸಿಲಿನಲ್ಲಿ ಬುರುಡೆ ಬರೆಯುವುದು ನನ್ನ ಕೆಲಸ.
ಕೊಯಿಂಬ್ರದ ಈ ಆಸ್ಪತ್ರೆಯಲ್ಲಿ ಯಂತ್ರಕ್ಕೂ ಅದು ಬರುತ್ತದೆ;
ದೊಡ್ಡ ಡಾಕ್ಟರಿಗೆ ಮಾತ್ರ ಕೈಗೆರೆಯೇ ಬೇಕು.

ಇವತ್ತಿನದು ಬೆನೆಡಿಟಾಳದು. ವಯಸ್ಸು ಇಪ್ಪತ್ತಮೂರು.
ಗದ್ದ ಎಡಕ್ಕೆ ಏಳು ಮಿಲಿಮೀಟರು.
ಏಳು ಮಿಲಿಮೀಟರು ಅಂದರೆ ಒಂದು ಕಡಲೆಕಾಳು.
ಅಷ್ಟಕ್ಕೇ ಶಾಲೆಯಲ್ಲಿ ಅಡ್ಡಹೆಸರು,
ಫೋಟೋಗಳಲ್ಲಿ ಸದಾ ಬಲಗೆನ್ನೆ,
ಬ್ರೆಡ್ಡಿನ ಗಟ್ಟಿ ಅಂಚೆಲ್ಲ ಪಾರಿವಾಳಕ್ಕೆ.

ಮೂಗಿನ ಬುಡದಿಂದ ತೂಗುಗುಂಡು ಬಿಟ್ಟಂತೆ
ನಡುಗೆರೆ ಎಳೆದೆ.
ತಪ್ಪು ದವಡೆಯದೇ ಅಂದುಕೊಂಡು ಶುರುಮಾಡಿದವಳು
ಗೆರೆ ಹಿಡಿದು ಮೇಲೆ ಮೇಲೆ ಹೋದೆ.
ಮೇಲ್ದವಡೆಯೂ ಓರೆ.
ಎಡಗಣ್ಣಿನ ಗೂಡು ಕೂದಲೆಳೆಯಷ್ಟು ಕೆಳಗೆ.
ಕಿವಿಯ ತೂತು ಇನ್ನೊಂದು ಕಿವಿಗೆ ಸಮವಿಲ್ಲ.
ಮಿದುಳು ಕೂತ ನೆಲವೇ, ಬುರುಡೆಯ ತಳವೇ
ಯಾವಾಗಿನಿಂದಲೋ ಎಡಕ್ಕೆ ಇಳಿಜಾರು.
ದವಡೆ, ಪಾಪ,
ಆ ಇಳಿಜಾರಿಗೆ ನೇತುಬಿದ್ದೇ ಬೆಳೆದ ಕೊನೆಯ ಕೂಸು;
ಕಾಣುವ ಜಾಗದಲ್ಲಿತ್ತು, ಬೈಸಿಕೊಂಡಿತು.

ಸಂಜೆ ಅವಳೇ ಬಂದಳು. ಉಗುರಿನ ಸಂದಿಯಲ್ಲಿ ನೀಲಿ.
ಗೋಡೆಬಿಲ್ಲೆಗೆ ಬಣ್ಣ ಬರೆಯುವವಳು:
ಕಾಗದ ಮಡಿಸಿ, ಅರ್ಧ ಹೂವು ಗೀಚಿ, ಸೂಜಿಯಲ್ಲಿ ಚುಚ್ಚಿ,
ಬಿಡಿಸಿ ಇದ್ದಿಲಪುಡಿ ತಟ್ಟಿದರೆ ಇಡೀ ಹೂವು.
"ಕೊಡಿ ಇಲ್ಲಿ" ಅಂದು ನನ್ನ ಹಾಳೆ ತಗೊಂಡು
ನಡುಗೆರೆಯಲ್ಲೇ ಮಡಿಸಿ ದೀಪಕ್ಕೆ ಹಿಡಿದಳು.
ಬೇಡ ಅನ್ನುವಷ್ಟರಲ್ಲಿ ಮಡಿಸಿಯಾಗಿತ್ತು.

ಎರಡು ಬದಿ ಕೂಡಲಿಲ್ಲ.
ಅಕ್ಕ ಇನ್ನೂ ಏನೋ ಹೇಳುತ್ತಿರುವಾಗಲೇ
ತಂಗಿ ಎದ್ದು ಹೊರಟಂತೆ.

ಬಹಳ ಹೊತ್ತು ನೋಡಿದಳು. ಆಮೇಲೆ,
"ಅಂದರೆ ಕನ್ನಡಕದಂಗಡಿಯ ಅಮಾದೆವುಗೆ ಗೊತ್ತಿತ್ತು."

ಎಂಟನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ
ಎಡಗಡ್ಡಿಯನ್ನು ಬಿಸಿಮರಳಲ್ಲಿ ಅದ್ದಿ, ತುಸು ಬಗ್ಗಿಸಿ,
ಕಿವಿಗೆ ಕೂರಿಸುತ್ತಿದ್ದನಂತೆ ಮುದುಕ.
"ಫ್ರೇಮೇ ಸೊಟ್ಟ. ಈ ಕಂಪನಿಯವರಿಗೆ ಕೆಲಸ ಬರಲ್ಲ"
ಅಂತ ಪ್ರತಿಸಲವೂ ಕಂಪನಿಗೆ ಬೈದು.
ಹದಿನೈದು ವರ್ಷ, ನಾಲ್ಕು ಕಂಪನಿ.

ಗುರುವಾರ ದವಡೆ ಕೊಯ್ದು ಸರಿಸುತ್ತಾರೆ.
ತಳವನ್ನು ಯಾರೂ ಮುಟ್ಟುವುದಿಲ್ಲ,
ಕಿವಿ ಇದ್ದಲ್ಲೇ ಇರುತ್ತದೆ.
ಅದನ್ನೂ ಹೇಳಿದೆ; ಮುಚ್ಚಿಡುವುದು ಸರಿಯೆನಿಸಲಿಲ್ಲ.

ಹಾಳೆ ಬಿಡಿಸಿ, ಮಡಿಕೆಯನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ
ವಾಪಸು ಕೊಟ್ಟಳು. ಮಡಿಕೆ ಹೋಗಲಿಲ್ಲ.
"ಹಾಗಾದರೆ" ಅಂದಳು, ಮೂಗಿನ ಮೇಲೆ ಸರಿಪಡಿಸಿಕೊಳ್ಳುತ್ತ,
"ಕನ್ನಡಕ ಇದೇ ಸಾಕು."